ತಳಿ ಕೇಳ್ತೀರಿ, ಬೀಜ ಹೇಗಿದೆ ಅಂತ ನೋಡಿದ್ರಾ?

ಮೇ ತಿಂಗಳು ಬಂತೆಂದರೆ ಬೈಲಹೊಂಗಲ, ಸವದತ್ತಿ ಕಡೆಯಿಂದ ನನಗೆ ಬರುವ ಫೋನುಗಳಲ್ಲಿ ಒಂದೇ ಪ್ರಶ್ನೆ. "ಸರ್, ಈ ವರ್ಷ ಸೋಯಾದಾಗ ಯಾವ ತಳಿ ಹಾಕೋಣ್ರಿ?" ಜೆಎಸ್ 335 ಅಂದರೆ ಹಳೇದಾಯ್ತು ಅನ್ನುತ್ತಾರೆ. ಧಾರವಾಡದ ಡಿಎಸ್‌ಬಿ 21 ತುಕ್ಕು ರೋಗ ತಡೆಯುತ್ತದೆ ಅಂತ ಅವರೇ ನನಗೆ ಹೇಳುತ್ತಾರೆ. ತಳಿಯ ವಿಷಯ ಎಲ್ಲ ಗೊತ್ತು. ಮನೆಯಲ್ಲಿಟ್ಟ ಚೀಲದ ಬೀಜ ನೂರಕ್ಕೆ ಎಷ್ಟು ಮೊಳೆಯುತ್ತದೆ ಅಂತ ಕೇಳಿದರೆ ಮಾತ್ರ ಉತ್ತರವಿಲ್ಲ. ಜೂನ್‌ನಲ್ಲಿ ಮತ್ತೆ ಅದೇ ಫೋನು. "ತಳಿನೇ ಸರಿ ಇಲ್ರಿ, ಹುಟ್ಟಲೇ ಇಲ್ಲ."

ತಳಿ ಅಂದರೆ ಗಿಡದ ಗುಣ. ಎಷ್ಟು ದಿನಕ್ಕೆ ಬರುತ್ತದೆ, ಯಾವ ರೋಗ ತಾಳುತ್ತದೆ, ಎಷ್ಟು ಇಳುವರಿ. ಮೊಳಕೆ ಅಂದರೆ ನಿಮ್ಮ ಕೈಲಿರುವ ಚೀಲದಲ್ಲಿ ಜೀವ ಎಷ್ಟು ಉಳಿದಿದೆ ಅನ್ನುವುದು. ಒಮ್ಮೆ ಅಣ್ಣ ತಮ್ಮ ಇಬ್ಬರೂ ಬೀಜ ತಂದಿದ್ದರು. ಒಂದೇ ತಳಿ, ಅಕ್ಕಪಕ್ಕದ ಹೊಲ. ಅಣ್ಣನ ಬೀಜ ಚೆನ್ನಾಗಿ ಮೊಳೆಯಿತು, ತಮ್ಮನದು ಅರ್ಧವೂ ಇಲ್ಲ. ತಮ್ಮ ಬೆಳೆ ತೀರಾ ಒಣಗಿದ ಮೇಲೆ ಮಷಿನ್ ಜೋರಾಗಿ ಓಡಿಸಿ ಕಾಳು ಬಿಡಿಸಿ ರಾಶಿ ಮಾಡಿದ್ದ. ಚೀಲಗಳನ್ನು ಟ್ರೇಲರ್ ಮೇಲಿಂದ ಎಸೆದು, ಸಿಮೆಂಟ್ ನೆಲದ ಮೇಲೆ ಗೋಡೆಗೆ ತಾಗಿಸಿ ಒಟ್ಟಿದ್ದ. ಕಣ್ಣಿಗೆ ಎರಡೂ ಬೀಜ ಒಂದೇ ಥರ ಹೊಳೆಯುತ್ತಿದ್ದವು. ಸುಮ್ನೆ ಒಂದು ಹಿಡಿ ನೀರಿಗೆ ಹಾಕಿ ಹತ್ತು ನಿಮಿಷ ಬಿಟ್ಟೆ. ತಮ್ಮನ ಕಾಳುಗಳಲ್ಲಿ ತುಂಬಾ ಕಾಳು ಆಗಲೇ ಉಬ್ಬಿ, ಸಿಪ್ಪೆ ಸುಕ್ಕಾಗಿತ್ತು. ಕಣ್ಣಿಗೆ ಕಾಣದ ಬಿರುಕಿನಿಂದ ನೀರು ಒಳಗೆ ನುಗ್ಗಿತ್ತು.

ಸೋಯಾ ಬೀಜದ ಸಿಪ್ಪೆ ಬಹಳ ತೆಳು. ಮೊಳಕೆಯ ಬೇರು ಆ ಸಿಪ್ಪೆಯ ಕೆಳಗೇ ಇರುತ್ತದೆ. ಪೆಟ್ಟು ಬಿದ್ದರೆ ಮೊದಲು ಮುರಿಯುವುದು ಅದೇ. ನಮ್ಮ ಹಿರಿಯರು ನೆಲದೊಳಗಿನ ಹಗೇವಿನಲ್ಲಿ ಜೋಳ ಇಟ್ಟ ಧೈರ್ಯದಲ್ಲಿ ಇದನ್ನೂ ಇಡಬೇಡಿ. ರಾಶಿ ನಿಧಾನ ಮಾಡಿ, ಬೀಜಕ್ಕೆ ಅಂತ ಬೇರೆ ತೆಗೆದಿಡಿ, ಹಲಗೆಯ ಮೇಲೆ ಇಡಿ, ಜಾಸ್ತಿ ಎತ್ತರ ಒಟ್ಟಬೇಡಿ. ತೇವಾಂಶ ಶೇ. 12ಕ್ಕಿಂತ ಕೆಳಗಿರಲಿ.

ಬೀಜ ತಂತ್ರಜ್ಞಾನ ಓದಬೇಕು ಅಂತ ಬರುವ ಹುಡುಗ ಹುಡುಗಿಯರೂ ಹೊಸ ತಳಿ ಕಂಡುಹಿಡಿಯುವ ಕನಸಲ್ಲೇ ಬರುತ್ತಾರೆ. ಅದು ತಳಿವಿಜ್ಞಾನಿಗಳ ಕೆಲಸ. ಅವರು ಕೊಟ್ಟ ತಳಿ ಜೀವ ಕಳೆದುಕೊಳ್ಳದೆ, ಬೆರಕೆಯಾಗದೆ ರೈತರ ಕೂರಿಗೆವರೆಗೆ ತಲುಪುವ ಹಾಗೆ ನೋಡಿಕೊಳ್ಳುವುದು ನಮ್ಮದು. ದಿನವಿಡೀ ಮಾದರಿ ತೆಗೆಯಬೇಕು, ಮೊಳಕೆ ಎಣಿಸಬೇಕು. ನನಗೆ ಈ ಕೆಲಸ ಇವತ್ತಿಗೂ ಬೇಸರ ತಂದಿಲ್ಲ.

ಪರೀಕ್ಷೆಗೆ ಲ್ಯಾಬೇ ಬೇಕಂತಿಲ್ಲ. ಬೇರೆ ಬೇರೆ ಚೀಲದಿಂದ ಬೀಜ ತೆಗೆದು ಕಲಸಿ, ನೂರು ಎಣಿಸಿ. ದಯವಿಟ್ಟು ಒಳ್ಳೆಯದನ್ನೇ ಆರಿಸಬೇಡಿ, ನೀವು ಬಿತ್ತುವಾಗ ಆರಿಸುವುದಿಲ್ಲ ಅಲ್ವಾ? ಒದ್ದೆ ಗೋಣಿಚೀಲದ ಮೇಲೆ ಸಾಲಾಗಿ ಇಟ್ಟು, ಸುತ್ತಿ, ನೆರಳಲ್ಲಿಡಿ. ಆರಿದಂತೆ ನೀರು ಚಿಮುಕಿಸಿ, ನೀರು ನಿಲ್ಲಲು ಬಿಡಬೇಡಿ. ಎಂಟನೇ ದಿನ ಬಿಚ್ಚಿ, ಬೇರು ಮತ್ತು ಚಿಗುರು ಎರಡೂ ಸರಿಯಾಗಿ ಬಂದಿರುವುದನ್ನು ಮಾತ್ರ ಎಣಿಸಿ. 70 ಇದ್ದರೆ ಪ್ರಮಾಣಿತ ಬೀಜದ ಮಟ್ಟ ಮುಟ್ಟಿದಂತೆ. 60 ಬಂದರೆ ಎಕರೆಗೆ 30 ಕೆಜಿ ಹಾಕುವ ಕಡೆ 35 ಹಾಕಿ. 50ಕ್ಕಿಂತ ಕೆಳಗೆ ಬಂದರೆ ಬೇರೆ ಬೀಜ ನೋಡಿ ಅನ್ನುವುದೇ ನನ್ನ ಸಲಹೆ.

ಮೊಳಕೆ ಚೆನ್ನಾಗಿದ್ದರೂ ಬೀಜ ಆಳಕ್ಕೆ ಬಿದ್ದರೆ, ಬಿತ್ತಿದ ಮೇಲೆ ಜೋರು ಮಳೆಯಾಗಿ ಮಣ್ಣು ಹೆಪ್ಪುಗಟ್ಟಿದರೆ ಹುಟ್ಟದೇ ಇರಬಹುದು. ಹೊಲ, ಬೀಜ ಎರಡೂ ನೋಡದೆ ಯಾರದು ತಪ್ಪು ಅಂತ ಫೋನಿನಲ್ಲಿ ಹೇಳಲು ನನ್ನಿಂದಾಗದು. ಅದಕ್ಕೇ, ಕೊಂಡ ಬೀಜವಾದರೆ ಚೀಲವನ್ನು ಕೆಳಗಿನಿಂದ ಬಿಚ್ಚಿ, ಮೇಲಿನ ಹೊಲಿಗೆಯ ಟ್ಯಾಗ್ ಹಾಗೇ ಇರಲಿ. ಬಿಲ್, ಟ್ಯಾಗ್, ಒಂದು ಹಿಡಿ ಬೀಜ ಎತ್ತಿಡಿ. ಟ್ಯಾಗ್ ಮೇಲಿನ ಲಾಟ್ ನಂಬರ್, ಅಂದರೆ ಬೀಜ ಯಾವ ಕಂತಿನದು ಅನ್ನುವ ಗುರುತು, ಇಲ್ಲದೆ ದೂರು ಕೊಟ್ಟರೆ ಅದು ಯಾವ ಬೀಜ ಅಂತ ಸಾಬೀತು ಮಾಡುವುದೇ ಕಷ್ಟವಾಗುತ್ತದೆ.