ಹೋದ ಕರೆಂಟು ವಾಪಸ್ ಬರುವ ದಾರಿ

ಹೊಸದಾಗಿ ಬಣ್ಣ ಹೊಡೆಸಿಕೊಂಡು ಫಳಫಳ ಹೊಳೆಯುವ ಹಳೆಯ ಕಾರು ಬಂತೆಂದರೆ ನಾನು ಮೊದಲು ನೋಡುವುದು ಅದರ ಬೋಲ್ಟುಗಳ ಅಡಿಯನ್ನು. ವೈರಿಂಗ್ ಕೆಲಸ ಶುರುಮಾಡಿದ ಮೇಲೆ ಬಂದ ಅಭ್ಯಾಸ ಇದು.

ಹಾಗೆ ಬಂದ ಒಂದು ಕೆಂಪು ಕಾರಿನಲ್ಲಿ ಎಡಗಡೆ ಇಂಡಿಕೇಟರ್ ಹಾಕಿದರೆ ಅದು ಮಂಕಾಗಿ ಉರಿಯುತ್ತಿತ್ತು, ಜೊತೆಗೆ ಪಕ್ಕದ ಟೇಲ್ ಲ್ಯಾಂಪೂ ಮಿಣಮಿಣ ಎನ್ನುತ್ತಿತ್ತು. ಮಾಲೀಕರು ಅಷ್ಟರಲ್ಲಿ ಇಂಡಿಕೇಟರನ್ನು ಮಿನುಗಿಸುವ ಫ್ಲ್ಯಾಷರ್, ಸ್ವಿಚ್, ಬಲ್ಬು ಎಲ್ಲವನ್ನೂ ಬದಲಿಸಿ ಸೋತಿದ್ದರು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದಂತಾಗಿತ್ತು. ನಾನು ಒಂದು ಉದ್ದನೆಯ ವೈರು ತೆಗೆದುಕೊಂಡು, ಒಂದು ತುದಿಯನ್ನು ಬ್ಯಾಟರಿಯ ಅರ್ಥಿಂಗ್ ಟರ್ಮಿನಲ್ಲಿಗೆ, ಅಂದರೆ ಕಾರಿನ ಮೈಗೆ ಸೇರಿರುವ ಟರ್ಮಿನಲ್ಲಿಗೆ, ಇನ್ನೊಂದನ್ನು ಆ ಹಿಂದಿನ ಲ್ಯಾಂಪಿನ ಲೋಹದ ಮೈಗೆ ಹಿಡಿದೆ. ತಕ್ಷಣ ಎರಡೂ ಸರಿಹೋದವು. ಲ್ಯಾಂಪು ಬಿಚ್ಚಿದರೆ ಬೋಲ್ಟಿನ ಕೆಳಗೆ ಹೊಸ ಬಣ್ಣದ ದಪ್ಪ ಪದರ. ಬಣ್ಣ ಎಷ್ಟು ಚೆನ್ನಾಗಿದ್ದರೂ ಕರೆಂಟಿಗೆ ಅದು ಗೋಡೆಯೇ.

ಹಳೆಯ ಕಾರಿನಲ್ಲಿ ಬಹುತೇಕ ಪ್ರತಿ ಬಲ್ಬಿಗೂ ಹೋಗುವುದು ಒಂದೇ ವೈರು. ಬ್ಯಾಟರಿಗೆ ವಾಪಸ್ ಬರುವ ದಾರಿ ಕಾರಿನ ಮೈ. ಆ ದಾರಿ ಮುಚ್ಚಿದರೆ ಕರೆಂಟು ಸುಮ್ಮನಿರುವುದಿಲ್ಲ, ಅಡ್ಡದಾರಿ ಹಿಡಿಯುತ್ತದೆ. ಇಲ್ಲಿ ಇಂಡಿಕೇಟರಿನ ಕರೆಂಟು ಅದೇ ಲ್ಯಾಂಪಿನ ಟೇಲ್ ಫಿಲಮೆಂಟಿನ ಮೂಲಕ ಹಿಂದಕ್ಕೆ ಹರಿದು, ಬಲಗಡೆಯ ಟೇಲ್ ಲ್ಯಾಂಪಿನ ಅರ್ಥಿಂಗನ್ನು ಹುಡುಕಿಕೊಂಡು ಹೋಗುತ್ತಿತ್ತು. ಒಂದು ಸ್ವಿಚ್ ಒತ್ತಿದಾಗ ಸಂಬಂಧವೇ ಇಲ್ಲದ ಇನ್ನೊಂದು ದೀಪ ಉಸಿರಾಡಿದರೆ, ದಯವಿಟ್ಟು ಹೊಸ ಬಿಡಿಭಾಗ ಕೊಳ್ಳಬೇಡಿ. ಅರ್ಥಿಂಗ್ ನೋಡಿ.

ವೋಲ್ಟೇಜು ಅಳೆಯುವ ಮೀಟರಿನ ವಿಷಯದಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. ಬಲ್ಬು ತೆಗೆದು ಹೋಲ್ಡರಿಗೆ ಮೀಟರ್ ಹಿಡಿದರೆ 12.4 ವೋಲ್ಟ್ ತೋರಿಸುತ್ತದೆ, 'ಕರೆಂಟು ಬರ್ತಿದೆ' ಎಂದು ಬಲ್ಬಿನ ಮೇಲೆ ತಪ್ಪು ಹೊರಿಸುತ್ತಾರೆ. ಡಿಜಿಟಲ್ ಮೀಟರ್ ಎಳೆಯುವ ಕರೆಂಟು ಲೆಕ್ಕಕ್ಕೇ ಬಾರದಷ್ಟು ಕಡಿಮೆ. ವೈರಿನ ಇಪ್ಪತ್ತು ಎಳೆಗಳಲ್ಲಿ ಹತ್ತೊಂಬತ್ತು ತುಂಡಾಗಿದ್ದರೂ ಉಳಿದ ಒಂದು ಎಳೆ ಮೀಟರಿಗೆ ಸಾಕು. ದೀಪ ಉರಿಯುತ್ತಿರುವಾಗಲೇ ಅಳೆಯಬೇಕು. ಬ್ಯಾಟರಿಯ ಅರ್ಥಿಂಗ್ ಟರ್ಮಿನಲ್ಲಿಗೆ ಒಂದು ಮೊನೆ, ಬಲ್ಬು ಹೋಲ್ಡರಿನ ಮೈಗೆ ಇನ್ನೊಂದು. ಅಲ್ಲಿ ಕಾಣುವುದೇ ವಾಪಸ್ ದಾರಿಯಲ್ಲಿ ಸೋರಿಹೋಗುತ್ತಿರುವ ವೋಲ್ಟೇಜು. 0.2 ವೋಲ್ಟಿಗಿಂತ ಹೆಚ್ಚಿದ್ದರೆ ನಾನು ಬಿಡುವುದಿಲ್ಲ. ಆಮೇಲೆ ಬ್ಯಾಟರಿಯ ಇನ್ನೊಂದು ಟರ್ಮಿನಲ್ಲಿನಿಂದ ಬಲ್ಬಿಗೆ ಬರುವ ವೈರಿನವರೆಗೆ ಹೀಗೇ ಅಳೆದು, ಸ್ವಿಚ್, ಫ್ಯೂಸ್, ಜಾಯಿಂಟು ಎಂದು ಒಂದೊಂದೇ ಮೆಟ್ಟಿಲು ಹತ್ತಿರ ಬರುತ್ತೇನೆ. 55 ವ್ಯಾಟಿನ ಹೆಡ್‌ಲೈಟು ಸುಮಾರು 4.6 ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ ಕಿಲುಬಿನಿಂದ ಅರ್ಧ ಓಮಿಗೂ (ಓಮ್ ಎಂದರೆ ಕರೆಂಟಿಗಿರುವ ಅಡ್ಡಿಯ ಅಳತೆ) ಕಡಿಮೆ ಅಡ್ಡಿ ಇದ್ದರೂ ಎರಡು ವೋಲ್ಟಿನ ಹತ್ತಿರ ಮಾಯ. ವೋಲ್ಟೇಜು ನೂರಕ್ಕೆ ಹತ್ತು ಇಳಿದರೆ ಬೆಳಕು ಸುಮಾರು ಮೂವತ್ತು ಇಳಿಯುತ್ತದೆ. 'ಹಳೇ ಕಾರು, ಲೈಟು ಇಷ್ಟೇ' ಎಂದು ಸಮಾಧಾನ ಮಾಡಿಕೊಂಡವರನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ಆ ಕಾರು ಹುಟ್ಟಿದಾಗ ಹಾಗಿರಲಿಲ್ಲ.

12 ವೋಲ್ಟಿನ ಬದಲು 6 ವೋಲ್ಟಿನ ಬ್ಯಾಟರಿಯಿರುವ ಕಾರುಗಳಲ್ಲಿ ಇದು ಇನ್ನೂ ಕಷ್ಟ. ಅಷ್ಟೇ ವ್ಯಾಟಿಗೆ ಎರಡರಷ್ಟು ಕರೆಂಟು ಬೇಕು, ಅದೇ ಕಿಲುಬು ಎರಡರಷ್ಟು ವೋಲ್ಟೇಜು ತಿನ್ನುತ್ತದೆ, ಅದೂ ಇರುವ ಅರ್ಧದಲ್ಲಿ. ಲೆಕ್ಕ ಹಾಕಿದರೆ ನಷ್ಟ ನಾಲ್ಕು ಪಟ್ಟು.

ಸ್ಟಾರ್ಟರ್ ಕಥೆಯೂ ಬೇರೆಯಲ್ಲ, ಆದರೆ ಅಲ್ಲಿ ಹರಿಯುವುದು ನೂರಾರು ಆಂಪಿಯರ್. 200 ಆಂಪಿಯರ್ ಹರಿಯುವಾಗ ಓಮಿನ ನೂರನೇ ಒಂದು ಪಾಲು ಅಡ್ಡಿಯಿದ್ದರೂ 2 ವೋಲ್ಟ್ ನಷ್ಟ. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಅದನ್ನು ಚಾಸಿಗೆ ಜೋಡಿಸುವುದು ಹೆಣೆದ ಒಂದು ತಾಮ್ರದ ಪಟ್ಟಿ. ಅದು ಸವೆದು ತುಂಡಾದರೆ ಅಷ್ಟೂ ಕರೆಂಟು ಚೋಕ್ ಕೇಬಲ್ ಅಥವಾ ಆಕ್ಸಿಲರೇಟರ್ ಕೇಬಲ್ ಹಿಡಿದು ಓಡುತ್ತದೆ. ಸ್ಟಾರ್ಟ್ ಮಾಡುವಾಗ ಚೋಕ್ ಗುಂಡಿ ಬಿಸಿಯಾಯಿತು, ಹೊಗೆ ವಾಸನೆ ಬಂತು ಎಂದು ಯಾರಾದರೂ ಹೇಳಿದರೆ ನಾನು ಬ್ಯಾಟರಿಯನ್ನು ಮುಟ್ಟುವುದೇ ಇಲ್ಲ, ನೇರ ಆ ಪಟ್ಟಿಗೇ ಕೈ ಹಾಕುತ್ತೇನೆ.

ಫ್ಯೂಸಿನ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಹಳೆಯ ಬ್ರಿಟಿಷ್ ಕಾರುಗಳ ಲ್ಯೂಕಸ್ ಕಂಪನಿಯ ಗಾಜಿನ ಫ್ಯೂಸಿನ ಮೇಲೆ 35 ಎಂದಿದ್ದರೆ ಅದು ಸುಟ್ಟುಹೋಗುವ ಮಟ್ಟ. ನಿರಂತರವಾಗಿ ತಾಳುವುದು ಸುಮಾರು 17 ಆಂಪಿಯರ್. ಇಂದಿನ ಫ್ಯೂಸುಗಳ ಮೇಲಿನ ಅಂಕಿ ನಿರಂತರ ತಾಳುವ ಮಟ್ಟದ್ದು. ಅಂಕಿ ಒಂದೇ ಎಂದು ಈಗಿನ 35ರ ಫ್ಯೂಸ್ ಹಾಕಿದರೆ, ಫ್ಯೂಸಿಗಿಂತ ಮೊದಲು ವೈರೇ ಬೆಂದುಹೋಗಬಹುದು. ಆ ಕಾರುಗಳಲ್ಲಿ ಕಂದು ವೈರು ಬ್ಯಾಟರಿಯಿಂದ ಫ್ಯೂಸಿಲ್ಲದೆ ಬರುವುದು, ಬಿಳಿಯದು ಇಗ್ನಿಷನ್ ಸ್ವಿಚ್ ದಾಟಿದ್ದು, ಹಸಿರು ಆಮೇಲೆ ಫ್ಯೂಸ್ ದಾಟಿದ್ದು, ಕಪ್ಪು ಅರ್ಥಿಂಗ್. ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕುವ ಮೊದಲು ಬ್ಯಾಟರಿಯ ಅರ್ಥಿಂಗ್ ಕೇಬಲ್ ಬಿಚ್ಚಿಡಿ. ಕಂದು ವೈರಿನ ಮೇಲೆ ಸ್ಪ್ಯಾನರ್ ಜಾರಿದರೆ ಅದನ್ನು ತಡೆಯಲು ಏನೂ ಇಲ್ಲ. ಬಿಚ್ಚುವಾಗ ಯಾವ ಟರ್ಮಿನಲ್ ಮೈಗೆ ಸೇರಿದೆ ಎಂದು ಕಣ್ಣಾರೆ ನೋಡಿ: 1960ರ ದಶಕದ ಮಧ್ಯದವರೆಗಿನ ಅನೇಕ ಬ್ರಿಟಿಷ್ ಕಾರುಗಳಲ್ಲಿ ಅರ್ಥಿಂಗ್ ಪಾಸಿಟಿವ್.

ಕೆಂಪು ಕಾರಿಗೆ ನಾನು ಮಾಡಿದ್ದು ಇಷ್ಟೇ. ಬೋಲ್ಟ್ ಕೂರುವ ಜಾಗದಲ್ಲಿ ಮಾತ್ರ, ನಾಣ್ಯದಗಲ, ಉಪ್ಪುಕಾಗದದಿಂದ ಬಣ್ಣ ಉಜ್ಜಿ ತಗಡಿನ ಹೊಳಪು ಕಾಣಿಸಿದೆ. ಹಲ್ಲಿರುವ ವಾಷರ್ ಹಾಕಿ ಬಿಗಿದು, ನೀರು ಇಳಿಯದಂತೆ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ದೀಪ ಹಾಕಿ ಮತ್ತೆ ಅಳೆದಾಗ ಮೀಟರಿನಲ್ಲಿ 0.03 ವೋಲ್ಟ್. ಬಲಗಡೆಯದನ್ನೂ ಬಿಚ್ಚಿ ನೋಡಿದೆ, ಅಲ್ಲಿ ಬಣ್ಣ ಬೋಲ್ಟಿನ ಅಂಚಿನವರೆಗೆ ಬಂದು ನಿಂತಿತ್ತು.