ಸರ್ವರ್ ಇಡುವುದು ಬೆಂಗಳೂರಿನಲ್ಲೋ, ಚಿತ್ರದುರ್ಗದಲ್ಲೋ?

ಆಪ್ಟಿಕಲ್ ಫೈಬರ್‌ ಕೇಬಲ್‌ನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಬೆಂಗಳೂರಿನಿಂದ ನ್ಯೂಯಾರ್ಕ್ 13,000 ಕಿ.ಮೀ.ಗೂ ದೂರ, ಹೋಗಿಬರಲು 130 ಮಿಲಿಸೆಕೆಂಡ್ ಆದರೂ ಬೇಕು. ಕೇಬಲ್‌ಗಳು ಎಲ್ಲೆಲ್ಲೋ ಬಳಸಿಕೊಂಡು ಹೋಗುವುದರಿಂದ ನಿಜವಾಗಿ ಹಿಡಿಯುವ ಸಮಯ ಇನ್ನೂ ಹೆಚ್ಚು. ಒಂದು ಜಾಲತಾಣ ತೆರೆದುಕೊಳ್ಳಲು ಇಂಥ ಓಡಾಟ ಹಲವು ಸಲ ನಡೆಯಬೇಕು. ಬೆಳಕಿನ ವೇಗ ಯಾವ ಕಂಪನಿಯ ಮಾತನ್ನೂ ಕೇಳುವುದಿಲ್ಲವಾದ್ದರಿಂದ ಉಳಿದಿರುವ ದಾರಿ ಸರ್ವರನ್ನೇ ಬಳಕೆದಾರರ ಹತ್ತಿರಕ್ಕೆ ತರುವುದು. ಆದರೆ ಯಾವ ಬಳಕೆದಾರರ ಹತ್ತಿರಕ್ಕೆ?

ಬೆಂಗಳೂರಿನಲ್ಲಿ 10,000, ಹುಬ್ಬಳ್ಳಿಯಲ್ಲಿ 4,000 ಬಳಕೆದಾರರಿದ್ದಾರೆ, ನಡುವೆ 400 ಕಿ.ಮೀ. ಕೇಬಲ್ ಇದೆ ಎಂದುಕೊಳ್ಳೋಣ. (ಇಷ್ಟು ದೂರಕ್ಕೆ ತಗಲುವ 4 ಮಿಲಿಸೆಕೆಂಡ್ ಯಾರ ಅರಿವಿಗೂ ಬಾರದು; ಇದು ಲೆಕ್ಕಕ್ಕಾಗಿ ಮಾತ್ರ.) ಸರ್ವರ್ ಬೆಂಗಳೂರಿನಲ್ಲಿದ್ದರೆ ಎಲ್ಲರ ದೂರ ಕೂಡಿದಾಗ 16 ಲಕ್ಷ ಕಿ.ಮೀ. ಹುಬ್ಬಳ್ಳಿಯ ಕಡೆಗೆ ಒಂದು ಕಿ.ಮೀ. ಸರಿಸಿದರೆ ಅಲ್ಲಿನವರಿಗೆ 4,000 ಉಳಿತಾಯ, ಬೆಂಗಳೂರಿನವರಿಗೆ 10,000 ನಷ್ಟ. ನಟ್ಟನಡುವೆ, ಚಿತ್ರದುರ್ಗದಲ್ಲಿ ಇಟ್ಟರೆ ಮೊತ್ತ 28 ಲಕ್ಷಕ್ಕೇರುತ್ತದೆ. ಆದರೆ ಅತಿ ದೂರದಲ್ಲಿರುವವನ ಪಾಡು 400ರಿಂದ 200ಕ್ಕೆ ಇಳಿಯುತ್ತದೆ. ಒಟ್ಟು ಲಾಭ ನೋಡುವವರಿಗೆ ಬೆಂಗಳೂರು ಸರಿ, ಯಾರೂ ಹಿಂದೆ ಬೀಳಬಾರದು ಎನ್ನುವವರಿಗೆ ಚಿತ್ರದುರ್ಗ. ಗಣಿತ ಎರಡನ್ನೂ ಲೆಕ್ಕ ಹಾಕಿಕೊಡುತ್ತದೆ, ಯಾವುದು ಬೇಕೆಂದು ಹೇಳುವುದಿಲ್ಲ. ಜಾಹೀರಾತಿನಿಂದ ಬದುಕುವ ಸೇವೆ ಮೊದಲನೆಯದನ್ನು ಆರಿಸಿಕೊಂಡರೆ ನನಗೆ ಆಶ್ಚರ್ಯವಿಲ್ಲ. ಆಂಬ್ಯುಲೆನ್ಸ್ ಕರೆಯ ಸೇವೆಯೂ ಹಾಗೆಯೇ ಮಾಡಿದರೆ ತಕರಾರಿದೆ.

ಟೆಲಿಫೋನ್ ವಿನಿಮಯ ಕೇಂದ್ರಗಳ ಕಾಲದಲ್ಲೇ, 1964ರಲ್ಲಿ, ಸಂಶೋಧಕ ಎಸ್. ಎಲ್. ಹಕೀಮಿ ಈ ಎರಡೂ ಪ್ರಶ್ನೆಗಳನ್ನು ಕೈಗೆತ್ತಿಕೊಂಡರು. ಮೊತ್ತವನ್ನು ತಗ್ಗಿಸುವುದೇ ಗುರಿಯಾದರೆ ಕೇಬಲ್‌ನ ಉದ್ದಕ್ಕೂ ಹುಡುಕಬೇಕಿಲ್ಲ, ಜಾಲದ ಊರುಗಳನ್ನಷ್ಟೇ ಪರೀಕ್ಷಿಸಿದರೆ ಸಾಕು ಎಂದು ಸಾಧಿಸಿದರು. ಮರುವರ್ಷ ಅದನ್ನು ಹಲವು ಕೇಂದ್ರಗಳಿಗೂ ವಿಸ್ತರಿಸಿದರು.

ದೊಡ್ಡ ಸಮಾಧಾನವೇನೋ ಹೌದು. ಆದರೂ 500 ಊರುಗಳಲ್ಲಿ ಸರ್ವರ್ ಇಡಲು 20ನ್ನು ಆರಿಸುವ ವಿಧಾನಗಳನ್ನು ಎಣಿಸಿದರೆ 36 ಅಂಕಿಗಳ ಸಂಖ್ಯೆ ಬರುತ್ತದೆ. ಈ ಸಮಸ್ಯೆಯನ್ನು ಎಲ್ಲ ಸಂದರ್ಭಗಳಲ್ಲೂ ಬೇಗ ಬಿಡಿಸುವ ವಿಧಾನ ಇದುವರೆಗೆ ಯಾರಿಗೂ ಸಿಕ್ಕಿಲ್ಲ. ಹಾಗಾಗಿ ಎಂಜಿನಿಯರುಗಳು ಒಂದು ಒರಟು ಉಪಾಯಕ್ಕೆ ಮೊರೆ ಹೋಗುತ್ತಾರೆ: ಹೇಗೋ 20 ಊರು ಆರಿಸು, ಒಂದನ್ನು ಬಿಟ್ಟು ಬೇರೊಂದನ್ನು ಸೇರಿಸಿದರೆ ಮೊತ್ತ ತಗ್ಗುತ್ತದೆಯೇ ನೋಡು, ತಗ್ಗಿದರೆ ಬದಲಿಸು, ಯಾವ ಬದಲಾವಣೆಯೂ ಫಲ ಕೊಡದಿದ್ದಾಗ ನಿಲ್ಲಿಸು. ಇದನ್ನು ಎಷ್ಟು ನಂಬಬಹುದು? ದೆಹಲಿ ಐಐಟಿಯ ನವೀನ್ ಗರ್ಗ್ ಸೇರಿದಂತೆ ಆರು ಮಂದಿ 2001ರಲ್ಲಿ ಉತ್ತರ ಕೊಟ್ಟರು: ಹೀಗೆ ನಿಂತಾಗ ಸಿಗುವ ಮೊತ್ತ, ಸಾಧ್ಯವಿರುವ ಅತ್ಯುತ್ತಮ ಮೊತ್ತದ ಐದು ಪಟ್ಟನ್ನು ಎಂದೂ ಮೀರದು. ಒಮ್ಮೆಗೆ ಹಲವು ಊರುಗಳನ್ನು ಅದಲುಬದಲು ಮಾಡುತ್ತ ಹೋದರೆ ಆ ಮಿತಿ ಮೂರು ಪಟ್ಟಿನ ಸಮೀಪಕ್ಕೆ ಬರುತ್ತದೆ. ಐದು ಪಟ್ಟು ಎಂದರೆ ಭಯವಾಗಬಹುದು, ಆದರೆ ಅದು ಅತ್ಯಂತ ಕೆಟ್ಟ ಸಂದರ್ಭದ ಮಾತು.

ಈ ಖಾತರಿಗೆ ಒಂದು ಷರತ್ತಿದೆ. ಎ ಊರಿನಿಂದ ಬಿ ಊರಿಗೆ ನೇರ ಹೋಗುವುದಕ್ಕಿಂತ ಸಿ ಊರಿನ ಮೂಲಕ ಹೋಗುವುದು ಹತ್ತಿರವಾಗಕೂಡದು. ಭೂಪಟದಲ್ಲಿ ಇದು ಸಹಜವಾಗಿಯೇ ನಿಜ, ಇಂಟರ್ನೆಟ್‌ನಲ್ಲಿ ಅಲ್ಲ. ಅಲ್ಲಿ ದಾರಿಯನ್ನು ನಿರ್ಧರಿಸುವುದು ಸೇವಾದಾರ ಕಂಪನಿಗಳ ಒಪ್ಪಂದಗಳು. ಒಂದೇ ಊರಿನ ಇಬ್ಬರು ಎರಡು ಕಂಪನಿಗಳ ಗ್ರಾಹಕರಾಗಿದ್ದು, ಆ ಕಂಪನಿಗಳು ಪರಸ್ಪರ ಕೈ ಜೋಡಿಸದಿದ್ದರೆ, ಅವರ ಸಂದೇಶ ತಲೆಯ ಹಿಂದಿನಿಂದ ಕೈ ತಂದು ಮೂಗು ಹಿಡಿದಂತೆ ವಿದೇಶ ಸುತ್ತಿ ಬರಬಹುದು. ದೇಶದೊಳಗಿನ ಸಂದೇಶಗಳ ಓಡಾಟ ದೇಶದೊಳಗೇ ಉಳಿಯಲಿ ಎಂದೇ 2003ರಲ್ಲಿ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ ಸ್ಥಾಪನೆಯಾಯಿತು. ಆದ್ದರಿಂದ ಸರ್ವರ್ ಇಡುವವರು ಕಿಲೋಮೀಟರ್ ನೆಚ್ಚಿಕೊಳ್ಳದೆ ಪ್ರತಿ ಜಾಲದಿಂದಲೂ ಮಿಲಿಸೆಕೆಂಡುಗಳನ್ನು ಅಳೆಯುತ್ತಾರೆ, ಅಳೆಯುತ್ತಲೇ ಇರುತ್ತಾರೆ. ಸಮುದ್ರದಡಿಯ ಒಂದು ಕೇಬಲ್ ತುಂಡಾದರೆ ನಿನ್ನೆಯ ಪಟ್ಟಿ ಇಂದಿಗೆ ಸಲ್ಲದು.

ಕೆಲವೊಮ್ಮೆ ಲೆಕ್ಕ ಶುರುವಾಗುವ ಮೊದಲೇ ಊರುಗಳ ಪಟ್ಟಿ ಕಿರಿದಾಗಿರುತ್ತದೆ. ಪಾವತಿ ವ್ಯವಸ್ಥೆಗಳ ದತ್ತಾಂಶವನ್ನು ಭಾರತದಲ್ಲೇ ಸಂಗ್ರಹಿಸಿಡಬೇಕೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಆದೇಶಿಸಿತು. ಸಿಂಗಪುರದ ಕೇಂದ್ರ ಎಷ್ಟೇ ಅಗ್ಗವಾಗಿರಲಿ, ಆ ದತ್ತಾಂಶದ ಮಟ್ಟಿಗೆ ಅದು ಪಟ್ಟಿಯಲ್ಲೇ ಇಲ್ಲ.