ಪೆಪ್ಪರ್ ಅಂದರೆ ಯಾವ ಮೆಣಸು?

ಫೆಬ್ರವರಿ, ಮೆಣಸು ಕುಯ್ಯುವ ಕಾಲ. ಕಣದಲ್ಲಿ ಹರಡಿದ ಕಾಳನ್ನು ಕಾಲಲ್ಲಿ ಕೆದಕುತ್ತಾ ತಮ್ಮನ ಮಗಳು ಕೇಳಿದಳು: "ದೊಡ್ಡಪ್ಪಾ, ಪೆಪ್ಪರ್ ಸ್ಪ್ರೇಗೆ ಹಾಕೋದು ಇದೇ ಮೆಣಸಾ?"

ಅಲ್ಲ. ಅದರಲ್ಲಿರುವುದು ಮೆಣಸಿನಕಾಯಿಯ ಸಾರ. ನಮ್ಮ ಬಳ್ಳಿಯ ಕಾಳಿಗೂ ಅದಕ್ಕೂ ಸಂಬಂಧವಿಲ್ಲ. "ಮತ್ತೆ ಆ ಹೆಸರು ಯಾಕೆ?" ಅಂದಳು. ಒಂದು ವಾರ ಈ ಪ್ರಶ್ನೆ ನನ್ನ ತಲೆಯಿಂದ ಹೋಗಲಿಲ್ಲ.

ಇಂಗ್ಲಿಷಿನಲ್ಲಿ ಕಾಳುಮೆಣಸೂ ಪೆಪ್ಪರ್, ಮೆಣಸಿನಕಾಯಿಯೂ ಪೆಪ್ಪರ್. ಖಾರವೇ ಇಲ್ಲದ ದೊಣ್ಣೆಮೆಣಸಿನಕಾಯಿ ಕೂಡ ಅಮೆರಿಕದವರಿಗೆ ಬೆಲ್ ಪೆಪ್ಪರ್. ಗಿಡಗಳ ಲೆಕ್ಕದಲ್ಲಿ ಕಾಳುಮೆಣಸು ವೀಳ್ಯದೆಲೆಯ ನೆಂಟ. ಮೆಣಸಿನಕಾಯಿ ಬದನೆ, ಟೊಮೆಟೊಗಳ ನೆಂಟ. ನಮ್ಮ ಕನ್ನಡವನ್ನೇ ನೋಡಿ: ಮೆಣಸು, ಮೆಣಸಿನಕಾಯಿ. ನಾವು ಮಾಡಿದ್ದೂ ಅದೇ ಅಲ್ವಾ? ಕೊಡವ ತಕ್ಕಿನಲ್ಲೂ, ಅಂದರೆ ಕೊಡವರ ಮಾತಿನಲ್ಲೂ, ಎರಡೂ ಮಳುವೇ. ಆದರೆ ಅಲ್ಲಿ ಗುರುತು ಹಚ್ಚಿಟ್ಟಿದ್ದಾರೆ. ಕಾಳುಮೆಣಸು ನಲ್ಲಮಳು, ಅಂದರೆ ಒಳ್ಳೆಮೆಣಸು. ತೋಟದ ಪುಟ್ಟ ಸೂಜಿಮೆಣಸು ಪರಂಗಿ ಮಳು. ಪರಂಗಿ ಅಂದರೆ ಹಡಗಿನಲ್ಲಿ ಬಂದ ಬಿಳಿಯ. ಮೆಣಸಿನಕಾಯಿ ವೇದಕಾಲದಿಂದಲೂ ನಮ್ಮದೇ ಅಂತ ವಾದ ಮಾಡುವವರಿಗೆ ನಾನು ಈ ಒಂದು ಹೆಸರನ್ನು ತೋರಿಸುತ್ತೇನೆ.

ಪೆಪ್ಪರ್ ಅನ್ನುವ ಪದ ಮಾತ್ರ ನಮ್ಮ ಕಡೆಯಿಂದಲೇ ಹೋದದ್ದು. ಸಂಸ್ಕೃತದ ಪಿಪ್ಪಲಿ, ಅಂದರೆ ನಮ್ಮ ಹಿಪ್ಪಲಿ, ಗ್ರೀಕರ ಬಾಯಲ್ಲಿ ಪೆಪೆರಿ ಆಯಿತು. ರೋಮನ್ನರಲ್ಲಿ ಪಿಪೆರ್. ದಾರಿಯಲ್ಲಿ ಹೆಸರು ಹಿಪ್ಪಲಿಯನ್ನು ಬಿಟ್ಟು ಕಾಳುಮೆಣಸಿಗೆ ಅಂಟಿಕೊಂಡಿತು. ಹಂಗೇರಿಯವರ ಮೆಣಸಿನಪುಡಿ ಪಾಪ್ರಿಕಾದ ಹೆಸರೂ ಇದೇ ಬೇರಿನದು. ಹುರಿದುಂಬಿಸುವ ಮಾತಿಗೆ 'ಪೆಪ್ ಟಾಕ್' ಅನ್ನುತ್ತಾರಲ್ಲ, ಆ ಪೆಪ್ ಕೂಡ ಪೆಪ್ಪರ್‌ನ ಅರ್ಧ ತುಂಡು. ಈ ಕಾಳಿಗೆ ಎಷ್ಟು ಬೆಲೆ ಇತ್ತೆಂದರೆ, ಕ್ರಿ.ಶ. 408ರಲ್ಲಿ ರೋಮ್ ನಗರವನ್ನು ಮುತ್ತಿದ ಗಾತ್ ಜನರ ದೊರೆ ಅಲರಿಕ್, ಮುತ್ತಿಗೆ ತೆಗೆಯಲು ಚಿನ್ನ ಬೆಳ್ಳಿಯ ಜೊತೆ 3,000 ಪೌಂಡ್ ಮೆಣಸನ್ನೂ ಕೇಳಿದ. 1492ರಲ್ಲಿ ಕೊಲಂಬಸ್ ಹೊರಟಿದ್ದೂ ಇಂಥ ಸರಕಿನ ದಾರಿ ಹುಡುಕಿಕೊಂಡೇ. ಸಿಕ್ಕಿದ್ದು ಕೆರಿಬಿಯನ್ ದ್ವೀಪಗಳು. ಅಲ್ಲಿಯವರು ತಿನ್ನುತ್ತಿದ್ದ ಹಣ್ಣು ಖಾರವಾಗಿತ್ತು. ಇದೂ ಮೆಣಸೇ ಅಂದುಕೊಂಡ.

ಅವನು ತಪ್ಪು ಹೆಸರಿಟ್ಟ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಗಿಡದ ಲೆಕ್ಕದಲ್ಲಿ ತಪ್ಪು, ನಾಲಗೆಯ ಲೆಕ್ಕದಲ್ಲಿ ಪೂರ್ತಿ ಸರಿ.

ಖಾರ ಒಂದು ರುಚಿಯಲ್ಲ, ಅದು ಉರಿ. ನಾಲಗೆಯ ನರಗಳ ತುದಿಯಲ್ಲಿ ಟಿಆರ್‌ಪಿವಿ1 ಅನ್ನುವ ಪುಟ್ಟ ಬಾಗಿಲುಗಳಿವೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅವು ತೆರೆಯುತ್ತವೆ, 'ಸುಡ್ತಿದೆ' ಅಂತ ಮಿದುಳಿಗೆ ಸುದ್ದಿ ಹೋಗುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಿಸಿಯಿಲ್ಲದೆಯೇ ಇದೇ ಬಾಗಿಲು ತೆರೆಯುತ್ತದೆ. ಕಾಳುಮೆಣಸಿನ ಪೈಪೆರಿನ್ ಕೂಡ! ತೋಟದ ಗೇಟಿಗೆ ಗಂಟೆ ಕಟ್ಟಿದ್ದೀರಿ ಅಂದುಕೊಳ್ಳಿ. ಆನೆ ತಳ್ಳಿದರೂ ಬಾರಿಸುತ್ತದೆ, ದನ ಮೈ ಉಜ್ಜಿದರೂ ಬಾರಿಸುತ್ತದೆ. ಒಳಗೆ ಮಲಗಿದವರಿಗೆ ಕೇಳುವುದು ಗಂಟೆ ಮಾತ್ರ. ಇಲ್ಲವಾದರೆ ಹೀಗೆ ನೋಡಿ: ಒಂದು ಬೀಗ, ಎರಡು ಕೀ. ಕ್ಯಾಪ್ಸೈಸಿನ್ ಹೇಳಿ ಮಾಡಿಸಿದ ಕೀ. ಪೈಪೆರಿನ್ ಸ್ವಲ್ಪ ಸವೆದ ಕೀ, ಜಾಸ್ತಿ ಬೇಕು. ನಾಲಗೆ ನಿಜವಾಗಿ ಬೆಂದಿರುವುದಿಲ್ಲ, ಬೆಂದ ಸುದ್ದಿ ಮಾತ್ರ ಹೋಗಿರುತ್ತದೆ. ನೀರು ಕುಡಿದರೆ ಉರಿ ಹೋಗದು, ಏಕೆಂದರೆ ಕ್ಯಾಪ್ಸೈಸಿನ್ ನೀರಲ್ಲಿ ಕರಗುವುದೇ ಕಷ್ಟ. ಒಂದು ಚಮಚ ಮೊಸರು ವಾಸಿ.

ಈ ಬಾಗಿಲಿನ ಜೀನ್ ಹುಡುಕಿದ್ದು ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ತಂಡ, 1997ರಲ್ಲಿ. 2021ರಲ್ಲಿ ಜೂಲಿಯಸ್ ಅವರಿಗೆ ನೊಬೆಲ್ ಬಂತು. ಪೈಪೆರಿನ್ ಅನ್ನು 1819ರಲ್ಲಿ ಮೊದಲು ಬೇರ್ಪಡಿಸಿದ್ದು ಯಾರು ಗೊತ್ತೇ? ಡೆನ್ಮಾರ್ಕಿನ ವಿಜ್ಞಾನಿ ಓರ್ಸ್ಟೆಡ್. ಮರುವರ್ಷ ವಿದ್ಯುತ್ ತಂತಿಯ ಪಕ್ಕದಲ್ಲಿ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಜಗತ್ತಿಗೆ ತಿಳಿಸಿದವರೂ ಇವರೇ. ಮೆಣಸಿನಿಂದ ಅಯಸ್ಕಾಂತಕ್ಕೆ ಒಂದೇ ವರ್ಷ! ನೆನೆದಾಗಲೆಲ್ಲ ಖುಷಿಯಾಗುತ್ತದೆ.

ಪೆಪ್ಪರ್‌ಮಿಂಟ್? ಅದರಲ್ಲಿ ಮೆಣಸಿಲ್ಲ. ಅದು ಪುದೀನದ ಜಾತಿ, ಚುರುಕು ಅನ್ನುವುದಕ್ಕೇ ಆ ಹೆಸರು. ಅದರ ಮೆಂಥಾಲ್ ತೆರೆಯುವುದು ಪಕ್ಕದ ಬಾಗಿಲು, ಟಿಆರ್‌ಪಿಎಂ8. ಅದು ಚಳಿಯ ಸುದ್ದಿ ಕಳಿಸುವ ಬಾಗಿಲು.

ಇದನ್ನೆಲ್ಲ ಹೇಳಿದ ಮೇಲೆ ಹುಡುಗಿ ಪರಂಗಿ ಮಳುವಿನ ಗಿಡ ತೋರಿಸಿ, "ಇದನ್ನ ಇಲ್ಲಿ ನೆಟ್ಟಿದ್ದು ಯಾರು?" ಅಂದಳು. ಯಾರೂ ನೆಟ್ಟಿಲ್ಲ. ಹಕ್ಕಿಗಳಿಗೂ ಆ ಉರಿಯ ಬಾಗಿಲಿದೆ, ಬಿಸಿಗೆ ತೆರೆಯುತ್ತದೆ. ಕ್ಯಾಪ್ಸೈಸಿನ್ ಕೀ ಮಾತ್ರ ಅದಕ್ಕೆ ಹೊಂದುವುದಿಲ್ಲ. ಪಿಕಳಾರ ಕೆಂಪು ಹಣ್ಣನ್ನು ಸುಮ್ನೆ ನುಂಗುತ್ತದೆ. ಆಮೇಲೆ ಸಿಲ್ವರ್ ಓಕ್ ಮರದ ಮೇಲೆ ಕೂತು ಹಿಕ್ಕೆ ಹಾಕುತ್ತದೆ. ಬೀಜ ಬೀಳುವುದು ಅದೇ ಮರಕ್ಕೆ ಹಬ್ಬಿದ ನಲ್ಲಮಳುವಿನ ಬುಡಕ್ಕೆ.